ಅಜ್ಜಿಯ ಹಳೆ ಫೋಟೊದಿಂದ ಪಾಪ್ ಆರ್ಟ್ ಓಲೆ, ಕೀಚೈನ್, ಚೀಲ: 1,500 ರೂಪಾಯಿಯಲ್ಲಿ ಮುಗಿಸೋದು ಹೇಗೆ?

ಹಳೆ_ಆಲ್ಬಂ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ಅಜ್ಜಿಗೆ ಎಂಬತ್ತು ತುಂಬುವ ಕಾರ್ಯಕ್ರಮಕ್ಕೆ ಮೊಮ್ಮಕ್ಕಳಿಗೆಲ್ಲ ಅಜ್ಜಿ ಮುಖ ಇರೋ ಪಾಪ್ ಆರ್ಟ್ ವಸ್ತು ಕೊಡಬೇಕು ಅಂತ ಯೋಚನೆ. ದಪ್ಪ ಕಪ್ಪು ಗೆರೆ, ಗುಲಾಬಿ-ಹಳದಿ-ನೀಲಿ ಬಣ್ಣ, ಆ ಥರ. ಬೇಕಾಗಿರೋದು 10 ಜೊತೆ ಓಲೆ, 10 ಕೀಚೈನ್. ದುಡ್ಡು ಉಳಿದರೆ 5 ಬಟ್ಟೆ ಚೀಲ. ಒಟ್ಟು 1,500 ರೂಪಾಯಿ ದಾಟಬಾರದು.

ಇರೋದು: ಸ್ಟುಡಿಯೋದಲ್ಲಿ ತೆಗೆಸಿದ ಒಂದು ಕಪ್ಪು-ಬಿಳುಪು ಫೋಟೊ, ಮೊಬೈಲಲ್ಲಿ ತೆಗೆದ ಕೆಲವು ಕಲರ್ ಫೋಟೊ, ಲ್ಯಾಪ್‌ಟಾಪ್, ಮನೆಯಲ್ಲಿ ಓಟಿಜಿ (ಸಣ್ಣ ಕರೆಂಟ್ ಓವನ್). ಪ್ರಿಂಟರ್ ಇಲ್ಲ, ಹತ್ತಿರದಲ್ಲಿ ಕಲರ್ ಜೆರಾಕ್ಸ್ ಅಂಗಡಿ ಇದೆ.

ಮೊಬೈಲ್ ಆ್ಯಪ್‌ನ ಪಾಪ್ ಆರ್ಟ್ ಫಿಲ್ಟರ್ ಹಾಕಿ ನೋಡಿದೆ. ಸ್ಕ್ರೀನ್ ಮೇಲೆ ಚೆನ್ನಾಗಿ ಕಾಣುತ್ತೆ, ಆದರೆ ಕೀಚೈನ್ ಅಳತೆಗೆ ಇಳಿಸಿದ್ರೆ ಮುಖ ಬರೀ ಕಲೆ ಥರ. ಪ್ರಿಂಟ್ ಹಾಕಿಸಿದಾಗ ಆ ಕಡು ಗುಲಾಬಿ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಎಲ್ಲಿಂದ ಸರಿ ಮಾಡ್ಕೊಂಡು ಬರಲಿ?

---

ಬಣ್ಣದ_ಚುಕ್ಕಿ:

ಮೊದಲು ಆ ಫಿಲ್ಟರ್ ಬಿಡಿ. ಅದು ಇಡೀ ಫೋಟೊವನ್ನು ಏಳೆಂಟು ಬಣ್ಣಕ್ಕೆ ಇಳಿಸುತ್ತೆ, ಚರ್ಮದ ಸುಕ್ಕು, ಗೋಡೆಯ ನೆರಳು ಎಲ್ಲವನ್ನೂ ಉಳಿಸಿಕೊಳ್ಳುತ್ತೆ. ಕೀಚೈನ್‌ನ 25 ಮಿ.ಮೀ. ವೃತ್ತದಲ್ಲಿ ಅದಕ್ಕೆಲ್ಲ ಜಾಗ ಇಲ್ಲ. ಈ ಶೈಲಿಯಲ್ಲಿ ಮುಖದ ಗುರುತು ಹಿಡಿಸೋದು ಕಪ್ಪು ಪದರ (ಕಪ್ಪು ಗೆರೆ-ನೆರಳಷ್ಟೇ ಇರೋ ಲೇಯರ್) ಒಂದೇ. ಬಣ್ಣ ಬರೀ ಅಲಂಕಾರ. ಅಮೆರಿಕದ ಪಾಪ್ ಆರ್ಟ್ ಕಲಾವಿದ ಆಂಡಿ ವಾರ್ಹಾಲ್ 1962ರಲ್ಲಿ ನಟಿ ಮೆರಿಲಿನ್ ಮನ್ರೋ ಚಿತ್ರಗಳನ್ನು ಮಾಡಿದ್ದೂ ಹೀಗೇ: ಸಿನಿಮಾ ಪ್ರಚಾರದ ಒಂದು ಫೋಟೊ, ಅದರ ಕಪ್ಪು ಭಾಗಕ್ಕೆ ಸಿಲ್ಕ್ ಸ್ಕ್ರೀನ್ (ಬಲೆ ಬಟ್ಟೆಯ ಮೂಲಕ ಬಣ್ಣ ಒತ್ತೋ ಅಚ್ಚು), ಅಡಿಯಲ್ಲಿ ಚಪ್ಪಟೆ ಬಣ್ಣದ ತೇಪೆಗಳು. ಆದ್ದರಿಂದ ನಿಮ್ಮ ಸಮಯದ ಮುಕ್ಕಾಲು ಪಾಲು ಕಪ್ಪು ಪದರಕ್ಕೇ ಹೋಗಲಿ.

ಲ್ಯಾಪ್‌ಟಾಪ್‌ನಲ್ಲಿ ಗಿಂಪ್ ಅನ್ನೋ ಫೋಟೊ ತಿದ್ದುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ಉಚಿತ. ಇನ್‌ಸ್ಟಾಲ್ ಮಾಡೋಕೆ ಬೇಸರವಾದರೆ ಬ್ರೌಸರ್‌ನಲ್ಲೇ ಫೋಟೊಪಿಯಾ ತೆರೆಯಿರಿ.

ಸ್ಟುಡಿಯೋ ಫೋಟೊವನ್ನು 600 ಡಿಪಿಐನಲ್ಲಿ (ಒಂದು ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿಸಿ. ಮೊಬೈಲಲ್ಲಿ ತೆಗೆಯೋದೇ ಆದರೆ ಕಿಟಕಿ ಪಕ್ಕ ನೆರಳಲ್ಲಿ, ಫೋಟೊಗೆ ನೇರ ಮೇಲಿಂದ, ಫ್ಲ್ಯಾಶ್ ಇಲ್ಲದೆ. ತಲೆ, ಕತ್ತು ಮಾತ್ರ ಉಳಿಯುವಂತೆ ಚೌಕಾಕಾರಕ್ಕೆ ಕತ್ತರಿಸಿ. ಮುಖವೇ ಜಾಗದ ಮುಕ್ಕಾಲು ಭಾಗ ತುಂಬಿರಬೇಕು. ಅಳತೆ 1180 × 1180 ಪಿಕ್ಸೆಲ್ ಇಟ್ಟುಕೊಳ್ಳಿ. 25 ಮಿ.ಮೀ.ಗೆ 600 ಡಿಪಿಐನಲ್ಲಿ ಬೇಕಾಗೋದು 590, ಕೆಲಸ ಮಾಡೋದು ಅದರ ಎರಡರಷ್ಟರಲ್ಲಿ.

ಆಮೇಲೆ ಕ್ರಮವಾಗಿ: ಡಿಸ್ಯಾಚುರೇಟ್ (ಬಣ್ಣ ತೆಗೆಯೋದು), ಲೆವೆಲ್ಸ್‌ನಲ್ಲಿ ಎರಡೂ ತುದಿ ಎಳೆದು ಕಪ್ಪು-ಬಿಳುಪಿನ ಅಂತರ ಹೆಚ್ಚಿಸೋದು, ಮೀಡಿಯನ್ ಬ್ಲರ್ (ಪುಡಿ ಚುಕ್ಕಿ ಅಳಿಸೋ ಮಸುಕು) 3ರಿಂದ 5, ಕೊನೆಗೆ ಥ್ರೆಶೋಲ್ಡ್ (ಕೊಟ್ಟ ಸಂಖ್ಯೆಗಿಂತ ಕಡುವಾದದ್ದೆಲ್ಲ ಕಪ್ಪು, ಉಳಿದದ್ದೆಲ್ಲ ಬಿಳಿ ಮಾಡೋದು). ಬ್ಲರ್ ಬಿಟ್ಟರೆ ಹಳೆ ಕಾಗದದ ಒರಟುತನವೆಲ್ಲ ಮುಖದ ಮೇಲೆ ರವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿಯಾಗಿ ಬರುತ್ತೆ.

ಥ್ರೆಶೋಲ್ಡ್ ಅನ್ನು ಒಂದೇ ಸಲ ಇಡೀ ಚಿತ್ರಕ್ಕೆ ಹಾಕಬೇಡಿ. ಪದರವನ್ನು ಎರಡು ಪ್ರತಿ ಮಾಡಿ. 0–255 ಅಳತೆಯಲ್ಲಿ (0 ಕಡುಗಪ್ಪು, 255 ಬಿಳಿ) ಮುಖಕ್ಕೆ 100–120ರ ಆಸುಪಾಸು ನೋಡಿ, ಕೂದಲಿಗೆ 60–80. ಎರಡನ್ನೂ ಮಾಸ್ಕ್ ಹಾಕಿ (ಬೇಡದ ಭಾಗ ಮರೆಮಾಡಿ) ಸೇರಿಸಿ. ಕೂದಲಿಗೆ ಕಡಿಮೆ ಯಾಕೆ ಅಂದರೆ, ಇಲ್ಲದಿದ್ದರೆ ಬೈತಲೆ ಮುಚ್ಚಿಹೋಗಿ ತಲೆ ಕಪ್ಪು ಹೆಲ್ಮೆಟ್ ಆಗುತ್ತೆ. ಮೈಬಣ್ಣ ಕಪ್ಪಗಿರೋರ ಫೋಟೊದಲ್ಲಿ ಮುಖದ ಸಂಖ್ಯೆಯನ್ನೂ ಇಳಿಸಿ, ಕೆನ್ನೆ-ಹಣೆ ಬಿಳಿಯಾಗಿ ತೆರೆದುಕೊಳ್ಳುವ ತನಕ.

ಈಗ ಸ್ಟುಡಿಯೋ ಫೋಟೊಗಳ ತೊಂದರೆ. ಅಲ್ಲಿ ಬೆಳಕು ಎದುರಿನಿಂದ ಮೆತ್ತಗೆ ಬಿದ್ದಿರುತ್ತೆ, ಮೇಲಾಗಿ ರೀಟಚ್ ಬೇರೆ ಮಾಡಿರ್ತಾರೆ. ಮೂಗಿನ ಪಕ್ಕದ ನೆರಳೇ ಇರೋದಿಲ್ಲ. ಥ್ರೆಶೋಲ್ಡ್ ಹಾಕಿದ ಕೂಡಲೇ ಮೂಗು ಮಾಯ, ಎರಡು ಕಣ್ಣು ಒಂದು ಬಾಯಿ ಮಾತ್ರ. ಅದನ್ನು ಕೈಯಲ್ಲೇ ಸರಿಮಾಡಬೇಕು: 12–15 ಪಿಕ್ಸೆಲ್‌ನ ಗಟ್ಟಿ ಕಪ್ಪು ಬ್ರಷ್‌ನಿಂದ ಎರಡು ಹೊಳ್ಳೆ, ಮೂಗಿನ ಒಂದು ಬದಿಗೆ ಗೆರೆ, ಕೆಳತುಟಿ ಕೆಳಗೆ ಒಂದು ಸಣ್ಣ ಕಮಾನು. ಅಷ್ಟು ಸಾಕು. 1180 ಪಿಕ್ಸೆಲ್ 25 ಮಿ.ಮೀ. ಆದಾಗ 12 ಪಿಕ್ಸೆಲ್ ಅಂದರೆ ಕಾಲು ಮಿಲಿಮೀಟರ್. ಅದಕ್ಕಿಂತ ತೆಳುವಾದ ಗೆರೆ ಪ್ರಿಂಟ್‌ನಲ್ಲಿ ನಿಲ್ಲೋದಿಲ್ಲ. ಕಣ್ಣಿನ ಪಾಪೆಯಲ್ಲಿ ಒಂದು ಬಿಳಿ ಚುಕ್ಕಿ ಇಡೋದು ಮರೀಬೇಡಿ, ಮುಖಕ್ಕೆ ಜೀವ ಬರೋದು ಅಲ್ಲೇ.

ಮೂಗುತಿ, ಕುಂಕುಮ, ಮುಡಿದ ಮಲ್ಲಿಗೆ ಇವು ಥ್ರೆಶೋಲ್ಡ್‌ನಲ್ಲಿ ಉಳಿಯೋದಿಲ್ಲ. ಕುಂಕುಮ ಕಪ್ಪು ರಂಧ್ರವಾಗುತ್ತೆ, ಮೂಗುತಿ ಬಿಳಿಯಲ್ಲಿ ಕರಗುತ್ತೆ. ಕುಂಕುಮವನ್ನು ಕಪ್ಪು ಪದರದಿಂದ ಅಳಿಸಿ ಕೆಂಪು ವೃತ್ತವಾಗಿ ಕೆಳಗಿನ ಪದರದಲ್ಲಿ ಇಡಿ, ಇರೋದಕ್ಕಿಂತ ಒಂದೂವರೆ ಪಟ್ಟು ದೊಡ್ಡದಾಗಿ. ಮೂಗುತಿಗೆ ಹಳದಿ ಚುಕ್ಕಿ, ಸುತ್ತ ಕಪ್ಪು ಅಂಚು. ಮಲ್ಲಿಗೆ ಬಿಳಿಯಾಗಿಯೇ ಇರಲಿ.

ಕಪ್ಪು ಪದರವನ್ನು ಎಲ್ಲಕ್ಕಿಂತ ಮೇಲಿಟ್ಟು ಅದರ ಮೋಡ್ 'ಮಲ್ಟಿಪ್ಲೈ' ಮಾಡಿ, ಬಿಳಿ ಮಾಯವಾಗಿ ಅಡಿಯ ಬಣ್ಣ ಕಾಣುತ್ತೆ. ಅಡಿಯಲ್ಲಿ ಹಿನ್ನೆಲೆ, ಮುಖ, ಸೀರೆ, ತುಟಿ-ಕುಂಕುಮ ಹೀಗೆ ಒಂದೊಂದು ಪದರ. ಲ್ಯಾಸೊದಿಂದ (ಕೈಯಲ್ಲಿ ಸುತ್ತು ಎಳೆದು ಆಯ್ಕೆ ಮಾಡೋ ಸಾಧನ) ಒರಟೊರಟಾಗಿ ಆಯ್ಕೆ ಮಾಡಿ ಬಕೆಟ್ ಸಾಧನದಿಂದ ಬಣ್ಣ ಸುರಿಯಿರಿ. ಅಂಚು ನಿಖರವಾಗಿ ಕೂರಬೇಕಿಲ್ಲ, ಕೂತರೆ ಮಕ್ಕಳ ಬಣ್ಣದ ಪುಸ್ತಕದಂತೆ ಕಾಣುತ್ತೆ. ಬೇಕೆಂದೇ ಬಣ್ಣದ ಪದರಗಳನ್ನು 20–25 ಪಿಕ್ಸೆಲ್, ಅಂದರೆ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿಸಿ. 25 ಮಿ.ಮೀ.ಗೆ ಮೂರು ಬಣ್ಣ, 40 ಮಿ.ಮೀ.ಗೆ ನಾಲ್ಕೈದು. ಅದಕ್ಕಿಂತ ಹೆಚ್ಚು ಬೇಡ.

ಚುಕ್ಕಿ ಬೇಕಿದ್ದರೆ, ಅಂದರೆ ಇನ್ನೊಬ್ಬ ಪಾಪ್ ಆರ್ಟ್ ಕಲಾವಿದ ರಾಯ್ ಲಿಕ್ಟನ್‌ಸ್ಟೈನ್ ಅವರ ಕಾಮಿಕ್ಸ್ ಶೈಲಿ, ಅದು ಹಿನ್ನೆಲೆಗೆ ಅಥವಾ ಕೆನ್ನೆಗೆ ಮಾತ್ರ. ಚುಕ್ಕಿಯಿಂದ ಚುಕ್ಕಿಗೆ ಕನಿಷ್ಠ 1 ಮಿ.ಮೀ., ನಿಮ್ಮ ಫೈಲ್‌ನಲ್ಲಿ 47 ಪಿಕ್ಸೆಲ್. ಚುಕ್ಕಿ ಹಾಕಿದ ಮೇಲೆ ಚಿತ್ರದ ಅಳತೆ ಬದಲಿಸಿದರೆ ಅಲೆಅಲೆಯಾದ ವಿಚಿತ್ರ ಪಟ್ಟೆ ಬರುತ್ತೆ. ಅಳತೆ ಅಂತಿಮವಾದ ಮೇಲೆ ಚುಕ್ಕಿ.

---

ಪೇಟೆ_ಪ್ರಿಂಟ್ (ಬೆಂಗಳೂರು):

ಮೇಲಿನವರು ಹೇಳಿದ್ದು ಸರಿ. ಪ್ರಿಂಟಿನ ಕಡೆಯದು ನಾನು ಹೇಳ್ತೀನಿ.

ಗುಲಾಬಿ ಇಟ್ಟಿಗೆ ಬಣ್ಣ ಆಗಿದ್ದಕ್ಕೆ ಅಂಗಡಿಯವರನ್ನ ಬೈಬೇಡಿ. ಸ್ಕ್ರೀನ್ ಬೆಳಕಿನಿಂದ ಬಣ್ಣ ಮಾಡುತ್ತೆ, ಮಷೀನ್‌ನಲ್ಲಿರೋದು ನಾಲ್ಕೇ ಟೋನರ್ (ಬಣ್ಣದ ಪುಡಿ). ನಿಯಾನ್ ಗುಲಾಬಿ, ನಿಯಾನ್ ಹಸಿರು ಆ ನಾಲ್ಕರಲ್ಲಿ ಇಲ್ಲವೇ ಇಲ್ಲ. ಟೋನರ್‌ನಲ್ಲಿ ಶುದ್ಧವಾಗಿ ಬರೋ ಬಣ್ಣಗಳನ್ನೇ ಆರಿಸಿ. ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಸಂಖ್ಯೆ ಇಟ್ಕೊಳ್ಳಿ: ಮೆಜೆಂಟಾ 236, 0, 140. ಹಳದಿ 255, 242, 0. ಆಕಾಶ ನೀಲಿ 0, 174, 239. ಕೆಂಪು 237, 28, 36. ಹಸಿರು 0, 166, 81. ಸಿಎಂವೈಕೆ (ಆ ನಾಲ್ಕು ಟೋನರ್‌ಗಳ ಲೆಕ್ಕದ) ಫೈಲ್ ಮಾಡೋಕೆ ಬರೋದಾದ್ರೆ ಇನ್ನೂ ಒಳ್ಳೇದು: ಒಂದು ಬಣ್ಣಕ್ಕೆ ಒಂದೋ ಎರಡೋ ಟೋನರ್, ಅದೂ 100 ಪರ್ಸೆಂಟ್. 30, 40 ಅಂತ ಕೊಟ್ಟರೆ ಮಷೀನ್ ತನ್ನದೇ ಸಣ್ಣ ಚುಕ್ಕಿ ಹಾಕಿ ಆ ತಿಳಿಬಣ್ಣ ಮಾಡುತ್ತೆ, 25 ಮಿ.ಮೀ.ನಲ್ಲಿ ಅಂಚೆಲ್ಲ ಮಸುಕು.

ಲೇಸರ್ ಪ್ರಿಂಟೇ ಹಾಕಿಸಿ. ಇಂಕ್‌ಜೆಟ್ ಫೋಟೊ ಪೇಪರ್ ನೋಡೋಕೆ ಹೊಳಪು ಜಾಸ್ತಿ, ಆದ್ರೆ ಮನೆ ಇಂಕ್‌ಜೆಟ್‌ಗಳ ಕಲರ್ ಇಂಕ್ ಬಹುಪಾಲು ನೀರಿನ ಅಂಶ ತಾಗಿದ ಕೂಡ್ಲೇ ಹರಡುತ್ತೆ. ಟೋನರ್ ಅಂದ್ರೆ ಪ್ಲಾಸ್ಟಿಕ್ ಪುಡಿ, ಬಿಸಿಗೆ ಕರಗಿ ಕಾಗದಕ್ಕೆ ಅಂಟಿರುತ್ತೆ. ನೀರಿಗೆ, ಫೆವಿಕಾಲ್‌ಗೆ ಜಗ್ಗಲ್ಲ. ನೇಲ್ ಪಾಲಿಶ್ ರಿಮೂವರ್‌ಗೆ ಮಾತ್ರ ಕರಗಿಹೋಗುತ್ತೆ.

ಎ4 ಜೆರಾಕ್ಸ್‌ಗಿಂತ 12 × 18 ಇಂಚಿನ ಶೀಟ್ ಹಾಕೋ ಡಿಜಿಟಲ್ ಪ್ರಿಂಟ್ ಅಂಗಡಿ ಹುಡುಕಿ, ಲಗ್ನಪತ್ರಿಕೆ-ವಿಸಿಟಿಂಗ್ ಕಾರ್ಡ್ ಮಾಡೋರ ಹತ್ರ ಇರುತ್ತೆ. 25 ಮಿ.ಮೀ. ವೃತ್ತಗಳನ್ನ 30 ಮಿ.ಮೀ. ಅಂತರದಲ್ಲಿ ಜೋಡಿಸಿದ್ರೆ ಎ4ನಲ್ಲಿ 54 ಹಿಡಿಯುತ್ತೆ, 12 × 18ರಲ್ಲಿ 126. ನಿಮಗೆ ಬೇಕಾಗಿರೋದು ಒಂದು ಶೀಟ್ 130 ಅಥವಾ 170 ಜಿಎಸ್‌ಎಂ (ಕಾಗದದ ತೂಕ-ದಪ್ಪದ ಅಳತೆ) ಆರ್ಟ್ ಪೇಪರ್ (ಕೀಚೈನ್‌ಗೆ), ಒಂದು ಶೀಟ್ 300 ಜಿಎಸ್‌ಎಂ ಆರ್ಟ್ ಕಾರ್ಡ್ (ಓಲೆಗೆ). ಎರಡಕ್ಕೂ ಹೊಳಪು ಥರ್ಮಲ್ ಲ್ಯಾಮಿನೇಶನ್ (ಬಿಸಿಯಿಂದ ಅಂಟಿಸೋ ಪ್ಲಾಸ್ಟಿಕ್ ಪೊರೆ) ಮಾಡಿಸಿ, ಮುಂಬದಿಗೆ ಮಾತ್ರ. ಅಂದಾಜು 140–150 ರೂಪಾಯಿಗೆ ಎರಡೂ ಮುಗಿಯುತ್ತೆ, ಊರಿಂದ ಊರಿಗೆ ಹೆಚ್ಚುಕಮ್ಮಿ ಇರುತ್ತೆ.

ಫೈಲ್ ಪಿಡಿಎಫ್ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಬೇಡಿ, 'ಡಾಕ್ಯುಮೆಂಟ್' ಅಂತ ಕಳಿಸಿ, ಇಲ್ಲಾಂದ್ರೆ ಕುಗ್ಗಿಸಿಬಿಡುತ್ತೆ. ಶೀಟಿನ ಮೂಲೆಯಲ್ಲಿ ಸರಿಯಾಗಿ 50 ಮಿ.ಮೀ. ಉದ್ದದ ಗೆರೆ ಒಂದು ಹಾಕಿಡಿ. ಪ್ರಿಂಟ್ ಕೈಗೆ ಬಂದ ತಕ್ಷಣ ಅಲ್ಲೇ ಸ್ಕೇಲ್ ಇಟ್ಟು ಅಳೀರಿ. 48 ಬಂದಿದ್ರೆ ಅವರು 'ಫಿಟ್ ಟು ಪೇಜ್' ಒತ್ತಿದ್ದಾರೆ ಅಂತ ಅರ್ಥ, 'ಆಕ್ಚುಯಲ್ ಸೈಜ್' ಹಾಕಿ ಇನ್ನೊಂದು ಕೊಡಿ ಅನ್ನಿ. ಮನೆಗೆ ಬಂದ ಮೇಲೆ ಗೊತ್ತಾದ್ರೆ ದುಡ್ಡು ನಿಮ್ಮದೇ.

---

ಕತ್ತರಿ_ಅಂಟು:

ಕೀಚೈನ್ ಮತ್ತು ಓಲೆ ಎರಡಕ್ಕೂ ಒಂದೇ ವಿಧಾನ ಬೇಡ. ಗಾಜು-ಲೋಹ ಕೀಚೈನ್‌ಗೆ ಸರಿ, ಕಿವಿಗೆ ಭಾರ.

ಕೀಚೈನ್: ಒಳ ಅಳತೆ 25 ಮಿ.ಮೀ. ಇರುವ ಲೋಹದ ತಟ್ಟೆ (ಆನ್‌ಲೈನ್‌ನಲ್ಲಿ 'ಬೆಝೆಲ್' ಅಂತ ಹುಡುಕಿ), ಮೇಲೆ 25 ಮಿ.ಮೀ. ಎಪಾಕ್ಸಿ ಡೋಮ್ ಸ್ಟಿಕರ್. ಇದು ಆಗಲೇ ಗಟ್ಟಿಯಾದ ಪಾರದರ್ಶಕ ಗುಮ್ಮಟ, ಹಿಂದೆ ಅಂಟು ಇರುತ್ತೆ. ಚಿತ್ರದ ಮೇಲೆ ಒತ್ತಿದರೆ ಆಯಿತು. ರೆಸಿನ್ (ಗಟ್ಟಿಯಾಗೋ ಪಾರದರ್ಶಕ ಅಂಟುದ್ರವ) ಕಲಸೋದು, 24 ಗಂಟೆ ಕಾಯೋದು, ಗುಳ್ಳೆ ಏಳೋದು ಯಾವುದೂ ಇಲ್ಲ. ಹತ್ತು ತುಂಡಿಗೆ ರೆಸಿನ್ ಬಾಟಲಿ ಕೊಳ್ಳೋದು ವ್ಯರ್ಥ. ತೆರೆದಿಟ್ಟರೆ ಉಳಿದದ್ದು ಕೆಡುತ್ತೆ, ಮಳೆಗಾಲದ ತೇವಕ್ಕೆ ಮೇಲ್ಮೈ ಜಿಗುಟಾಗಿಯೂ ಉಳಿಯಬಹುದು.

ಗುಮ್ಮಟ ನಡುಭಾಗವನ್ನು ಹಿಗ್ಗಿಸಿ ತೋರಿಸುತ್ತೆ, ಅಂಚನ್ನು ಬಾಗಿಸುತ್ತೆ. ಹಾಗಾಗಿ ಮುಖದ ಯಾವ ಭಾಗವೂ ಅಂಚಿನಿಂದ 2 ಮಿ.ಮೀ. ಒಳಗೇ ಇರಲಿ. ಕಾಗದವನ್ನು 24.5 ಮಿ.ಮೀ.ಗೆ ಕತ್ತರಿಸಿ. ಸರಿಯಾಗಿ 25 ಇದ್ದರೆ ತಟ್ಟೆಯೊಳಗೆ ಇಳಿಸುವಾಗ ಅಂಚು ಮೇಲಕ್ಕೆ ಮಡಚಿಕೊಳ್ಳುತ್ತೆ. ಡೋಮ್ ಅನ್ನು ಮೊದಲು ಕಾಗದಕ್ಕೆ ಅಂಟಿಸಿ: ಒಂದು ಅಂಚು ತಾಗಿಸಿ, ನಿಧಾನಕ್ಕೆ ಇನ್ನೊಂದು ಕಡೆಗೆ ಒತ್ತುತ್ತಾ ಬನ್ನಿ, ಗಾಳಿ ಹೊರಗೆ ಹೋಗುತ್ತೆ. ಮೇಲಿಂದ ನೇರ ಇಟ್ಟರೆ ನಡುವೆ ಬೆಳ್ಳಿಯಂಥ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತೆ, ಮತ್ತೆ ಕೀಳೋಕೆ ಹೋದರೆ ಲ್ಯಾಮಿನೇಶನ್ ಸಮೇತ ಬರುತ್ತೆ. ಆಮೇಲೆ ತಟ್ಟೆಗೆ ಬಿ-7000 ಅಂಟು ಒಂದು ಹನಿ, ಮೇಲೆ ಚಿತ್ರ, ಒಂದು ರಾತ್ರಿ ಬಿಡಿ.

ಓಲೆ: 38 ಮಿ.ಮೀ. ವೃತ್ತ, 300 ಜಿಎಸ್‌ಎಂ ಕಾರ್ಡ್ ಎರಡು, ಬೆನ್ನಿಗೆ ಬೆನ್ನು. ನಡುವೆ ಹಳೇ ಲಗ್ನಪತ್ರಿಕೆಯ ದಪ್ಪ ಹಾಳೆ ಒಂದು. ಎರಡೂ ಬದಿ ಪ್ರಿಂಟ್ ಹಾಕಿಸೋಕೆ ಹೋಗಬೇಡಿ, ಮುಂದಿನದಕ್ಕೂ ಹಿಂದಿನದಕ್ಕೂ 1–2 ಮಿ.ಮೀ. ವ್ಯತ್ಯಾಸ ಬಂದೇ ಬರುತ್ತೆ. ಒಂದೇ ಬದಿ ಪ್ರಿಂಟ್ ಹಾಕಿಸಿ ಅಂಟಿಸೋದೇ ಲೇಸು. ಇದರಿಂದ ಇನ್ನೊಂದು ಲಾಭ: ಒಂದು ಬದಿ ಮಾತ್ರ ಲ್ಯಾಮಿನೇಟ್ ಆದ ಕಾರ್ಡ್ ತಾನಾಗಿ ಸುರುಳಿ ಬೀಳುತ್ತೆ, ಬೆನ್ನಿಗೆ ಬೆನ್ನು ಅಂಟಿಸಿದಾಗ ಎರಡು ಸುರುಳಿಗಳೂ ಒಂದನ್ನೊಂದು ಎಳೆದು ನೇರವಾಗುತ್ತೆ. ಫೆವಿಕಾಲ್ ಹಳೇ ಎಟಿಎಂ ಕಾರ್ಡ್‌ನಿಂದ ತೆಳ್ಳಗೆ ಸವರಿ, ಒಂದು ರಾತ್ರಿ ಭಾರದ ಅಡಿಯಲ್ಲಿಡಿ. ದಪ್ಪಗೆ ಹಚ್ಚಿದರೆ ನೀರು ಕುಡಿದು ಉಬ್ಬುತ್ತೆ. ವೃತ್ತ ಕತ್ತರಿಸೋದು ಅಂಟು ಒಣಗಿದ ಮೇಲೆ, ಮುಂಚೆ ಅಲ್ಲ.

ಎಡ-ಬಲ ಓಲೆಗಳಲ್ಲಿ ಒಂದನ್ನು ಕನ್ನಡಿ ಪ್ರತಿಬಿಂಬ ಮಾಡಿ, ಎರಡೂ ಮುಖಗಳು ಒಳಗಡೆ ನೋಡಲಿ. ಎರಡೂ ಒಂದೇ ಕಡೆ ನೋಡುತ್ತಿದ್ದರೆ ಹಾಕಿಕೊಂಡಾಗ ಏನೋ ಸರಿಯಿಲ್ಲ ಅನಿಸುತ್ತೆ. ಅಕ್ಷರ ಇದ್ದರೆ ಮಾತ್ರ ತಿರುಗಿಸಬೇಡಿ.

ಕತ್ತರಿಸಿದ ಅಂಚಿನ ಬಿಳಿಯನ್ನು ಕಪ್ಪು ಪರ್ಮನೆಂಟ್ ಮಾರ್ಕರ್‌ನಿಂದ ಸುತ್ತ ಎಳೆಯಿರಿ. ಇಷ್ಟು ಸಣ್ಣ ಕೆಲಸಕ್ಕೆ ಇಡೀ ಓಲೆ ಅಂಗಡಿಯದ್ದರಂತೆ ಕಾಣುತ್ತೆ. ತೂತು 1.5ರಿಂದ 2 ಮಿ.ಮೀ., ಅದರ ನಡುಬಿಂದು ಅಂಚಿನಿಂದ 3 ಮಿ.ಮೀ. ಒಳಗೆ. ಹತ್ತಿರವಾದರೆ ಹರಿಯುತ್ತೆ. ಅಂಚಿಗೂ ತೂತಿನ ಒಳಗೂ ಪಾರದರ್ಶಕ ಅಕ್ರಿಲಿಕ್ ವಾರ್ನಿಶ್ ಎರಡು ತೆಳು ಕೋಟ್, ಬೆವರು ಒಳಗೆ ಇಳಿಯದ ಹಾಗೆ. 6 ಮಿ.ಮೀ. ಜಂಪ್ ರಿಂಗ್ (ಬಾಯಿ ತೆರೆಯೋ ಸಣ್ಣ ತಂತಿ ಉಂಗುರ) ಅನ್ನು ಎರಡು ಇಕ್ಕಳದಲ್ಲಿ ಹಿಡಿದು ಒಂದು ತುದಿ ಮುಂದೆ, ಒಂದು ಹಿಂದೆ ತಿರುಗಿಸಿ ತೆರೆಯಿರಿ. ಅಗಲಕ್ಕೆ ಎಳೆದರೆ ಮತ್ತೆ ದುಂಡಗೆ ಕೂಡೋದಿಲ್ಲ. ಕೊಕ್ಕೆ ಸ್ಟೇನ್‌ಲೆಸ್ ಸ್ಟೀಲ್‌ನದೇ ಇರಲಿ, ಅಗ್ಗದ ಮಿಶ್ರಲೋಹದಲ್ಲಿ ನಿಕ್ಕಲ್ ಇದ್ದರೆ ಕೆಲವರ ಕಿವಿ ಕೆಂಪಾಗಿ ಕಡಿಯುತ್ತೆ.

ಲೆಕ್ಕ: ತಟ್ಟೆ 15, ಡೋಮ್ 6, ಕೀ ರಿಂಗ್ 8, ಹತ್ತಕ್ಕೆ ಸುಮಾರು 290. ಓಲೆಯ ಕೊಕ್ಕೆ ಜೊತೆಗೆ 10ರಂತೆ 100, ಜಂಪ್ ರಿಂಗ್ 40, ವಾರ್ನಿಶ್ 100. ಪ್ರಿಂಟ್ ಸೇರಿ 680ರ ಒಳಗೆ. ಬಿ-7000 ಸಣ್ಣ ಟ್ಯೂಬ್ ಬೇರೆ. ಬೆಂಗಳೂರಿಗೆ ಬರೋರು ಇದ್ದರೆ ಚಿಕ್ಕಪೇಟೆ-ಅವೆನ್ಯೂ ರಸ್ತೆ ಸುತ್ತ ಈ ಬಿಡಿಭಾಗಗಳು ಗ್ರಾಸ್ (144ರ ಕಟ್ಟು) ಲೆಕ್ಕದಲ್ಲಿ ಇನ್ನೂ ಅಗ್ಗ. ಆದರೆ ಇಪ್ಪತ್ತು ತುಂಡಿಗಾಗಿ ಯಾರೂ ಅಲ್ಲಿಗೆ ಹೋಗಬೇಕಿಲ್ಲ.

---

ಒಲೆ_ಮುಂದ (ಹುಬ್ಬಳ್ಳಿ):

ಓಟಿಜಿ ಐತಿ ಅಂದ್ರಿ. ಹಂಗಾದ್ರ ಓಲೆಗೆ ಶ್ರಿಂಕ್ ಶೀಟ್ ಯಾಕ ನೋಡಬಾರದು? ರಟ್ಟಿನಕಿಂತ ಗಟ್ಟಿ, ನೀರಿಗೆ ಅಂಜಂಗಿಲ್ಲ.

ಅದು ಪಾಲಿಸ್ಟೈರೀನ್ ಹಾಳಿ. ಬಿಸಿಗೆ ಉದ್ದ-ಅಗಲ ಎರಡೂ 40–45 ಪರ್ಸೆಂಟಿಗೆ ಇಳಿತಾವ, ದಪ್ಪ ಆಗತದ. 30 ಮಿ.ಮೀ. ಓಲೆ ಬೇಕಂದ್ರ 70 ಮಿ.ಮೀ. ಬರೀರಿ. ತೂತು ಬಿಸಿಗಿಡೋಕಿಂತ ಮೊದಲ ಆಫೀಸ್ ಪಂಚಿಂಗ್ ಮಷೀನಿಂದ ಹೊಡೀರಿ, ಇಳಿದು ಎರಡೂವರೆ ಮಿ.ಮೀ. ಆಗತದ, ಸರಿಯಾಗಿ ಕೂಡತದ. ಅಂಗಡ್ಯಾಗ ಲೇಸರ್ ಪ್ರಿಂಟರ್‌ಗೆ ಮಾತ್ರ ಹಾಕಸಬ್ಯಾಡ್ರಿ, ಒಳಗಿನ ಬಿಸಿ ರೋಲರ್‌ಗೆ ಅಂಟಿ ಮಷೀನ್ ಹಾಳಾಗತದ. ಪ್ರಿಂಟ್ ಹಾಳಿ ಕೆಳಗಿಟ್ಟು, ಮ್ಯಾಲಿಂದ ಪರ್ಮನೆಂಟ್ ಮಾರ್ಕರ್‌ಲೆ ಗೆರಿ ತಗೀರಿ. ಬಣ್ಣ ತೆಳ್ಳಗ ಹಚ್ಚರಿ, ಇಳಿದ ಮ್ಯಾಲೆ ಭಾಳ ಕಡುವಾಗತಾವ.

ಓಟಿಜಿ 150–165 ಡಿಗ್ರಿ ಮೊದಲ ಕಾಯಿಸಿ, ಬೇಕಿಂಗ್ ಪೇಪರ್ ಮ್ಯಾಲಿಟ್ಟು ಎರಡ್-ಮೂರ್ ನಿಮಿಷ. ನಡಕ ಸುರುಳಿ ಸುತ್ತಿಕೊಂತದ, ಆವಾಗ ಗಾಬರಿ ಬಿದ್ದು ಹೊರಗ ತಗೀಬ್ಯಾಡ್ರಿ, ಮತ್ತ ತಾನಾಗೇ ಬಿಚ್ಚಿ ಸಪಾಟ ಆಗತದ. ಸಪಾಟ ಆದ ಮ್ಯಾಲೆ ಅರ್ಧ ನಿಮಿಷ ಬಿಟ್ಟು ತಗದು, ಬೇಕಿಂಗ್ ಪೇಪರ್ ಮುಚ್ಚಿ, ಬಿಸಿ ಇದ್ದಾಗನ ದಪ್ಪ ಪುಸ್ತಕ ಹೇರ್ರಿ. ಕಿಟಕಿ ತಗದಿಟ್ಟಿರ್ರಿ. ಮೈಕ್ರೊವೇವ್‌ನ್ಯಾಗ ಆಗಂಗಿಲ್ಲ.

ಕೆಲವು ಹಾಳಿ ಉದ್ದಕ್ಕೊಂದು ಅಗಲಕ್ಕೊಂದು ಇಳಿತಾವ, ದುಂಡಂದು ಮೊಟ್ಟಿ ಆಕಾರ ಆಗತದ. ಮೊದಲ 10 ಸೆಂ.ಮೀ. ಚೌಕ ಒಂದು ಸುಟ್ಟು ಅಳದು ನೋಡ್ರಿ. ಹೋಟೆಲ್ ಪಾರ್ಸಲ್ ಡಬ್ಬಿ ಮುಚ್ಚಳಾನೂ ನಡೀತದ ಅಂತಾರ. ತಳದಾಗ ತ್ರಿಕೋನದೊಳಗ 6 ಅಂತ ಇದ್ರಷ್ಟ. 5 ಇದ್ರ ಅದು ಬ್ಯಾರೆ ಪ್ಲಾಸ್ಟಿಕ್, ಹಿಂಗ ಇಳಿಯಂಗಿಲ್ಲ.

---

ಕತ್ತರಿ_ಅಂಟು:

ಒಲೆ_ಮುಂದ ಅವರೇ, ಒಂದೆರಡು ತುಂಡಿಗೆ ನಿಮ್ಮ ವಿಧಾನ ಚೆಂದ. ಆದರೆ ಇವರಿಗೆ 20 ತುಂಡು, ಎಲ್ಲದರಲ್ಲೂ ಒಂದೇ ಮುಖ ಬೇಕು. ಮಾರ್ಕರ್‌ನಲ್ಲಿ 20 ಸಲ ಅದೇ ಅಜ್ಜಿಯನ್ನು ಬರೆಯೋದು, ಜೊತೆಗೆ ಪ್ರತಿ ಜೊತೆಯೂ ಒಂದೇ ಅಳತೆಗೆ ಇಳಿಯಬೇಕು ಅನ್ನೋದು, ಕಷ್ಟ. ನನ್ನ ಮತ ರಟ್ಟಿಗೇ.

---

ಹಳೆ_ಆಲ್ಬಂ (ದಾವಣಗೆರೆ):

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಪ್ಪು ಪದರ ಈಗ ಚೆನ್ನಾಗಿ ಬಂತು, ಮೂಗು ಕೈಯಲ್ಲೇ ಬರೆದೆ. ಇಲ್ಲಿ ಡೋಮ್ ಸ್ಟಿಕರ್ ಸಿಗಲಿಲ್ಲ, ಆನ್‌ಲೈನ್‌ದು ಬರೋಕೆ ವಾರ ಆಗುತ್ತಂತೆ. ಗೆಳತಿ ಹತ್ತಿರ 25 ಮಿ.ಮೀ. ಗಾಜಿನ ಗುಮ್ಮಟ, ಯುವಿ ರೆಸಿನ್ (ಲ್ಯಾಂಪಿನ ಯುವಿ ಬೆಳಕಿಗೆ ಗಟ್ಟಿಯಾಗೋದು), ಲ್ಯಾಂಪ್ ಇತ್ತು. ಲ್ಯಾಮಿನೇಶನ್ ಇಲ್ಲದ ಪರೀಕ್ಷೆ ಪ್ರಿಂಟ್ ಮೇಲೆ ಒಂದು ಮಾಡಿದೆ. ಬಿಳಿ ಇರೋ ಕಡೆ, ಮಲ್ಲಿಗೆಯಲ್ಲಿ, ಎಣ್ಣೆ ಬಿದ್ದ ಕಲೆ ಥರ ಬೂದು ಬಣ್ಣ. ಬಣ್ಣ ಇರೋ ಕಡೆ ಏನೂ ಇಲ್ಲ. ಯಾಕೆ?

ಇನ್ನೊಂದು. ಇದನ್ನು ನೋಡಿ ಒಬ್ಬರು ಸಿನಿಮಾ ನಟರ ಮುಖದ್ದು ಮಾಡಿಕೊಡಿ, ದುಡ್ಡು ಕೊಡ್ತೀವಿ ಅಂದ್ರು. ಮಾಡಬಹುದಾ?

---

ಕತ್ತರಿ_ಅಂಟು:

ರೆಸಿನ್ ಕಾಗದದೊಳಗೆ ಇಳಿದಿದೆ. ಟೋನರ್ ದಟ್ಟವಾಗಿರುವ ಕಡೆ ಆ ಪ್ಲಾಸ್ಟಿಕ್ ಪದರವೇ ತಡೆಯುತ್ತೆ, ಬಿಳಿ ಕಡೆ ತಡೆಯೋಕೆ ಏನಿಲ್ಲ. ನೆನೆದ ಕಾಗದ ಅರೆಪಾರದರ್ಶಕವಾಗಿ ಕೆಳಗಿನ ಲೋಹದ ಬಣ್ಣ ಕಾಣಿಸುತ್ತೆ. ಅದೇ ಆ ಬೂದು.

ಲ್ಯಾಮಿನೇಟ್ ಆದ ಶೀಟಿನಲ್ಲಿ ಮುಂಬದಿಯಿಂದ ಇಳಿಯೋದಿಲ್ಲ, ಆದರೆ ಕತ್ತರಿಸಿದ ಅಂಚಿನಿಂದ ಎಳೆದುಕೊಳ್ಳುತ್ತೆ. ಸುತ್ತ 1 ಮಿ.ಮೀ. ಕಪ್ಪು ಉಂಗುರ ಕಂಡರೆ ಕಾರಣ ಇದೇ. ವೃತ್ತ ಕತ್ತರಿಸಿದ ಮೇಲೆ ಹಿಂಬದಿಗೂ ಅಂಚಿಗೂ ಫೆವಿಕಾಲ್ ಎರಡು ತೆಳು ಕೋಟ್ ಕೊಡಿ, ಪ್ರತಿ ಕೋಟ್ ಪೂರ್ತಿ ಪಾರದರ್ಶಕ ಆಗುವ ತನಕ ಒಣಗಲಿ. ಆಮೇಲೆ ಗಾಜಿನ ಚಪ್ಪಟೆ ಬದಿಯ ನಡುವೆ ರೆಸಿನ್ ಒಂದೇ ಹನಿ, ಚಿತ್ರವನ್ನು ಅದರ ಮೇಲೆ ಮುಖ ಕೆಳಗಾಗಿ ಇಳಿಸಿ, ನಡುವಿಂದ ಅಂಚಿಗೆ ಒತ್ತಿ. ಲ್ಯಾಂಪ್ ಬೆಳಕು ಗಾಜಿನ ಕಡೆಯಿಂದ ಬೀಳಬೇಕು. ಕಾಗದದ ಕಡೆಯಿಂದ ಹಿಡಿದರೆ ಕಪ್ಪು ಟೋನರ್ ಬೆಳಕನ್ನು ತಡೆದು ಒಳಗೆ ಹಸಿಯಾಗಿಯೇ ಉಳಿಯುತ್ತೆ. ಹಸಿ ರೆಸಿನ್ ಚರ್ಮಕ್ಕೆ ತಾಗದ ಹಾಗೆ ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ, ಅಲರ್ಜಿ ಒಮ್ಮೆ ಶುರುವಾದರೆ ಬಿಡೋದಿಲ್ಲ.

ಗಾಜಿನ ಕೆಳಗೆ ರೆಸಿನ್ ಬದಲು ಫೆವಿಕಾಲ್ ಹಾಕೋಣ ಅನ್ನೋರು ಇದ್ದಾರೆ. ನೀರು ಆರಿಹೋಗೋಕೆ ದಾರಿ ಇಲ್ಲದೆ ನಡುವೆ ಬಿಳಿ ಮಂಜು ವಾರಗಟ್ಟಲೆ ಉಳಿಯುತ್ತೆ. ಬೇಡ.

---

ಬಣ್ಣದ_ಚುಕ್ಕಿ:

ನಟರ ಮುಖದ ಬಗ್ಗೆ: ಮಾರೋದಾದರೆ ಬೇಡ. ಬೇರೆಯವರು ತೆಗೆದ ಫೋಟೊಗೆ ಬಣ್ಣ ಬಳಿದ ಮಾತ್ರಕ್ಕೆ ಅದು ನಮ್ಮದಾಗೋದಿಲ್ಲ. ಗಾಯಕ ಪ್ರಿನ್ಸ್‌ನ ಫೋಟೊ 1981ರಲ್ಲಿ ತೆಗೆದಿದ್ದವರು ಲಿನ್ ಗೋಲ್ಡ್‌ಸ್ಮಿತ್. ಅದರಿಂದ ವಾರ್ಹಾಲ್ ಮಾಡಿದ ಚಿತ್ರವೊಂದನ್ನು ವಾರ್ಹಾಲ್ ಫೌಂಡೇಶನ್ ಪತ್ರಿಕೆಗೆ ಬಳಸಲು ಕೊಟ್ಟದ್ದರ ಬಗ್ಗೆ ಅಮೆರಿಕದ ಸುಪ್ರೀಂ ಕೋರ್ಟ್ 2023ರಲ್ಲಿ ಫೋಟೊಗ್ರಾಫರ್ ಪರವಾಗಿಯೇ ತೀರ್ಪು ಕೊಟ್ಟಿತು. ಮೇಲಾಗಿ ನಟರಿಗೆ ತಮ್ಮ ಮುಖದ ಮೇಲೆಯೇ ಬೇರೆ ಹಕ್ಕು ಇದೆ ಅಂತ ನಮ್ಮ ಕೋರ್ಟುಗಳೂ ಒಪ್ಪಿವೆ.

ಅಜ್ಜಿ ಫೋಟೊಗೆ ಚಿಂತೆ ಬೇಡ. 1957ರ ನಮ್ಮ ಕಾಪಿರೈಟ್ ಕಾಯ್ದೆಯ 17ನೇ ಕಲಂ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕುದಾರರು ತೆಗೆಸಿದವರೇ.

---

ಗಂಜಿ_ಬಟ್ಟೆ (ಮೈಸೂರು):

ಚೀಲದ ವಿಷಯ ಯಾರೂ ಮುಟ್ಟಲಿಲ್ಲ. ಮಗ್ ಪ್ರಿಂಟ್ ಅಂಗಡಿಯವರ ಸಬ್ಲಿಮೇಶನ್ (ಬಿಸಿಯಿಂದ ಬಣ್ಣ ಇಳಿಸೋ ಪ್ರಿಂಟ್) ಕಾಟನ್ ಮೇಲೆ ಹಿಡಿಯಲ್ಲ, ಅದು ಪಾಲಿಯೆಸ್ಟರ್‌ಗೆ. ಇಸ್ತ್ರಿ ಹಾಕೋ ಟ್ರಾನ್ಸ್‌ಫರ್ ಪೇಪರ್ ಹಿಡಿಯುತ್ತೆ, ಆದರೆ ಮಡಚಿದ ಕಡೆ ಬಿರುಕು ಬಿಡುತ್ತೆ. 5 ಚೀಲಕ್ಕೆ ಸ್ಕ್ರೀನ್ ಪ್ರಿಂಟೇ ಅಗ್ಗ, ಅದೂ ಸ್ಕ್ರೀನ್ ಮೇಲೆ ಚಿತ್ರ ಮೂಡಿಸೋ ಎಕ್ಸ್‌ಪೋಸಿಂಗ್ ರಾಸಾಯನಿಕ ಇಲ್ಲದೆ.

ಕಸೂತಿ ಹಾಕೋ ದುಂಡು ಫ್ರೇಮ್ 10 ಇಂಚಿನದು, ಅದಕ್ಕೆ ಪಾಲಿಯೆಸ್ಟರ್ ಆರ್ಗಂಜಾ (ತೆಳು ಬಲೆಯಂಥ) ಬಟ್ಟೆ, ತಮಟೆಯಷ್ಟು ಬಿಗಿಯಾಗಿ. ಕಪ್ಪು ಪದರವನ್ನ ಇಂಕ್‌ಸ್ಕೇಪ್‌ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ 'ಟ್ರೇಸ್ ಬಿಟ್‌ಮ್ಯಾಪ್' (ಚಿತ್ರವನ್ನ ಗೆರೆಗಳಾಗಿ ಮಾರ್ಪಡಿಸೋದು) ಮಾಡಿ, 'ಸ್ಪೆಕಲ್ಸ್' ಹೆಚ್ಚಿಸಿ ಪುಡಿ ಚುಕ್ಕಿ ತೆಗೆಯಿರಿ. ಮುಖ 15 ಸೆಂ.ಮೀ., ಗೆರೆ 1.5 ಮಿ.ಮೀ.ಗಿಂತ ತೆಳು ಬೇಡ. ಆ ಫೈಲ್ ತಗೊಂಡು ಗಾಡಿಗಳಿಗೆ ಹಾಕೋ ರೇಡಿಯಂ ಸ್ಟಿಕರ್ ಅಂಗಡಿಗೆ ಹೋಗಿ. ಅವರ ಪ್ಲಾಟರ್‌ನಲ್ಲಿ (ಗೆರೆ ಹಿಡಿದು ಕತ್ತರಿಸೋ ಮಷೀನ್) ಸಾದಾ ವಿನೈಲ್ ಸ್ಟಿಕರ್ ಹಾಳೆ ಕತ್ತರಿಸಿಕೊಡ್ತಾರೆ. ಬಣ್ಣ ಬೀಳಬೇಕಾದ ಭಾಗ ಕಿತ್ತು, ಉಳಿದದ್ದನ್ನ ಟ್ರಾನ್ಸ್‌ಫರ್ ಟೇಪ್‌ನಲ್ಲಿ ಎತ್ತಿ ಆರ್ಗಂಜಾಗೆ ಅಂಟಿಸಿ. ಸಾದಾ ಸ್ಟೆನ್ಸಿಲ್‌ನಲ್ಲಿ ಕಣ್ಣಿನ ಬಿಳಿ ಚುಕ್ಕಿ ಬಿದ್ದೇ ಹೋಗುತ್ತೆ, ಇಲ್ಲಿ ಬಟ್ಟೆ ಅದನ್ನ ಹಿಡಿದಿರುತ್ತೆ. ಚುಕ್ಕಿಗಳ ಹಿನ್ನೆಲೆ ಮಾತ್ರ ವಿನೈಲ್‌ನಲ್ಲಿ ಆಸೆ ಪಡಬೇಡಿ, ಕೀಳೋಕೇ ಒಂದು ದಿನ ಬೇಕು.

ಚೀಲವನ್ನ ಮೊದಲು ಒಗೆದು ಗಂಜಿ ತೆಗೆಯಿರಿ, ಇಲ್ಲಾಂದ್ರೆ ಬಣ್ಣ ಗಂಜಿ ಮೇಲೆ ಕೂತು ಮೊದಲ ಒಗೆತಕ್ಕೆ ಹೋಗುತ್ತೆ. ಒಳಗೆ ರಟ್ಟು ಇಡಿ. ಮುಖ-ಸೀರೆಯ ಬಣ್ಣದ ತೇಪೆಗಳನ್ನ ಫೆವಿಕ್ರಿಲ್ ಅಕ್ರಿಲಿಕ್‌ನಲ್ಲಿ, ಓಎಚ್‌ಪಿ (ಪಾರದರ್ಶಕ ಪ್ಲಾಸ್ಟಿಕ್) ಹಾಳೆ ಕತ್ತರಿಸಿ ಸ್ಪಂಜಿನಿಂದ ತಟ್ಟಿ. ಪೂರ್ತಿ ಒಣಗಿದ ಮೇಲೆ ಸ್ಕ್ರೀನ್ ಇಟ್ಟು ಕಪ್ಪು, ಹಳೇ ಕಾರ್ಡ್‌ನಿಂದ 45 ಡಿಗ್ರಿ ಓರೆಯಲ್ಲಿ ಒಂದೇ ದಿಕ್ಕಿಗೆ ಎರಡು ಸಲ ಎಳೀರಿ. ಬಣ್ಣಕ್ಕೆ ನೀರು ಸೇರಿಸಬೇಡಿ, ತೆಳುವಾದ್ರೆ ವಿನೈಲ್ ಅಡಿ ಹರಿದು ಅಂಚು ಕಲೆಯಾಗುತ್ತೆ. ಐದೂ ಚೀಲ ಸಾಲಾಗಿ ಇಟ್ಟುಕೊಂಡು ಒಂದೇ ಉಸಿರಿಗೆ ಮುಗಿಸಿ, ತಕ್ಷಣ ಸ್ಕ್ರೀನ್ ತಣ್ಣೀರಲ್ಲಿ ತೊಳೀರಿ. ನಡುವೆ ನಿಲ್ಲಿಸಿದ್ರೆ ಅಕ್ರಿಲಿಕ್ ಬಲೆಯೊಳಗೇ ಗಟ್ಟಿಯಾಗುತ್ತೆ, ಮುಚ್ಚಿದ ಬಲೆಯ ರಂಧ್ರ ಮತ್ತೆ ತೆರೆಯಲ್ಲ.

ಚೀಲ 350, ಬಣ್ಣ 150, ವಿನೈಲ್-ಆರ್ಗಂಜಾ ಸೇರಿ ನೂರರ ಮೇಲೆ ಸ್ವಲ್ಪ. ನಿಮ್ಮ ಬಜೆಟ್‌ನಲ್ಲಿ ಕೂರುತ್ತೆ. ಒಂದು ದಿನ ಒಣಗಿಸಿ, ಹಿಂಬದಿಯಿಂದ ಕಾಟನ್ ಬಿಸಿಯಲ್ಲಿ, ಹಬೆ ಇಲ್ಲದೆ ಇಸ್ತ್ರಿ ಹಾಕಿ. ಮೂರು ದಿನ ನೀರು ತೋರಿಸಬೇಡಿ. ಆಮೇಲೆ ಒಗೆಯೋದೂ ಒಳಮಗ್ಗುಲು ಹೊರಗೆ ಮಾಡಿ, ಬ್ರಷ್ ಹಾಕದೆ.